ಕಲಾಸಂಘಕ್ಕೆ ಎಂಥ ಅಧ್ಯಕ್ಷರು ಬೇಕು?

ನಮ್ಮ ಊರುಗಳ ನಾಟಕ ಸಂಘ, ಸಂಗೀತ ಸಭಾ, ಯಕ್ಷಗಾನ ಕಲಾಕೇಂದ್ರಗಳಲ್ಲಿ ಅಧ್ಯಕ್ಷರ ಆಯ್ಕೆ ಬಹುತೇಕ ಐದು ನಿಮಿಷದಲ್ಲಿ ಮುಗಿಯುವ ಕಲಾಪ. ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿ ವರದಿ ಓದುತ್ತಾರೆ, ಖಜಾಂಚಿ ಲೆಕ್ಕ ಮಂಡಿಸುತ್ತಾರೆ, ಕೊನೆಗೆ ಒಬ್ಬರು ಒಂದು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ‘ಅವಿರೋಧವಾಗಿ ಆಯ್ಕೆ’ ಎಂಬ ಸಾಲು ನಡಾವಳಿ ಪುಸ್ತಕ ಸೇರುತ್ತದೆ. ಆ ಹೆಸರು ಎಲ್ಲಿಂದ ಬಂತು, ಆ ವ್ಯಕ್ತಿ ಮುಂದಿನ ಮೂರು ವರ್ಷ ಏನು ಮಾಡಬೇಕು, ಮಾಡದಿದ್ದರೆ ಏನು ಎಂಬ ಮಾತು ಸಭೆಯಲ್ಲಿ ಏಳುವುದಿಲ್ಲ. ಎದ್ದರೆ ಅದು ಹಿರಿಯರಿಗೆ ತೋರಿದ ಅಗೌರವ ಎನಿಸಿಬಿಡುತ್ತದೆ. ಒಬ್ಬ ಮೃದಂಗ ವಾದಕರನ್ನು ಕರೆಸುವಾಗ ನಾಲ್ಕು ಕಡೆ ವಿಚಾರಿಸುವ, ಒಂದು ಮುಖ್ಯ ಪಾತ್ರಕ್ಕೆ ಹಲವರಿಂದ ಸಂಭಾಷಣೆ ಓದಿಸಿ ನೋಡುವ ಸಂಘ, ತನ್ನ ಹಣಕ್ಕೂ ಹೆಸರಿಗೂ ಕಾನೂನಿನ ಎದುರು ಉತ್ತರ ಹೇಳಬೇಕಾದ ವ್ಯಕ್ತಿಯನ್ನು ಮಾತ್ರ ವಿಚಾರಿಸದೆ ಒಪ್ಪಿಕೊಳ್ಳುತ್ತದೆ. ಈ ಲೇಖನದ ವಾದ ಇಷ್ಟೇ: ಅಧ್ಯಕ್ಷ ಸ್ಥಾನವನ್ನು ಸನ್ಮಾನದಂತೆ ಕೊಡುವುದನ್ನು ನಿಲ್ಲಿಸಬೇಕು. ಅದು ಸಂಬಳವಿಲ್ಲದ ಹೊಣೆಗಾರಿಕೆಯ ಕೆಲಸವೆಂದು ಒಪ್ಪಿ, ಆ ಕೆಲಸವನ್ನು ಕಾಗದದ ಮೇಲೆ ಬರೆದು, ಮಾಡಬಲ್ಲವರನ್ನು ಬಹಿರಂಗವಾಗಿ ಹುಡುಕಬೇಕು. ‘ಯೋಗ್ಯರು ಸಿಗುತ್ತಿಲ್ಲ’ ಎಂಬ ಕೊರಗನ್ನು ಎಲ್ಲ ಸಂಘಗಳಲ್ಲೂ ಕೇಳುತ್ತೇವೆ. ಯೋಗ್ಯರು ಊರಲ್ಲೇ ಇರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಹಳೆಯ ವೃತ್ತಿ ಕಂಪನಿಗಳ ಕಾಲದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಗೆ ಮಾಲೀಕರಿದ್ದರು. ಕಲೆಕ್ಷನ್ ಬಂದರೂ ಅವರದೇ, ಕ್ಯಾಂಪಿನಲ್ಲಿ ಮಳೆ ಹಿಡಿದು ಸಾಲವಾದರೂ ಅವರದೇ. ಹವ್ಯಾಸಿ ಸಂಸ್ಥೆಗಳು ಬಂದಾಗ ಮಾಲೀಕರ ಜಾಗಕ್ಕೆ ಸದಸ್ಯರು, ಸಮಿತಿ, ಪದಾಧಿಕಾರಿಗಳು ಬಂದರು. ಬೆಂಗಳೂರಿನ ಗಾಯನ ಸಮಾಜ 1905ರದು, ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರದು. ಇಂಥ ಸಂಸ್ಥೆ ಯಾರೊಬ್ಬರ ಸ್ವತ್ತೂ ಅಲ್ಲ, ಅದೇ ಅದರ ಹಿರಿಮೆ. ಆದರೆ ಯಾರದೂ ಅಲ್ಲದ್ದನ್ನು ಯಾರೋ ಒಬ್ಬರು ತಮ್ಮದೆಂಬಂತೆ ಕಾಯಬೇಕಾಗುತ್ತದೆ, ಅದೂ ಮಾಲೀಕರಾಗದೆ. ಅಧ್ಯಕ್ಷರ ಕೆಲಸದ ಕಷ್ಟವೆಲ್ಲ ಇಲ್ಲಿದೆ. ಸದಸ್ಯರ ಪರವಾಗಿ ಅಧಿಕಾರ ನಡೆಸಬೇಕು, ಅದರ ಲಾಭ ತಮಗೆ ಒಂದು ರೂಪಾಯಿಯೂ ತಾಗಬಾರದು, ತಪ್ಪಾದರೆ ಮಾತ್ರ ಮೊದಲು ತಾವೇ ಎದ್ದು ನಿಲ್ಲಬೇಕು.

ಈ ಹೊಣೆ ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಬೆಳೆದಿದೆ ಎಂಬುದು ಸಂಘಗಳ ಹೊರಗಿನವರಿಗೆ ಹೆಚ್ಚಾಗಿ ತಿಳಿದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಏಳು ಮಂದಿ ಸೇರಿದರೆ ಒಂದು ಸಂಘ ಕಟ್ಟಬಹುದು. ಸಾಹಿತ್ಯ, ಲಲಿತಕಲೆಗಳ ಪೋಷಣೆ ಆ ಕಾಯ್ದೆ ಒಪ್ಪುವ ಉದ್ದೇಶಗಳಲ್ಲೇ ಇದೆ. ಕಟ್ಟುವುದು ಸುಲಭ, ನಡೆಸುವುದಕ್ಕೆ ಶಿಸ್ತು ಬೇಕು. ಪ್ರತಿ ವರ್ಷ ಮಹಾಸಭೆ ಕರೆಯಬೇಕು, ಸಭೆಯಾದ ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಆಡಳಿತ ಹದಗೆಟ್ಟರೆ ವಿಚಾರಣೆ ನಡೆಸುವ, ಕೊನೆಗೆ ಆಡಳಿತಾಧಿಕಾರಿಯನ್ನು ನೇಮಿಸುವ ದಾರಿಯೂ ಕಾಯ್ದೆಯಲ್ಲಿದೆ. ದಾನಿಗಳಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗಬೇಕಾದರೆ ಅದಕ್ಕೆ ಬೇರೆ ನೋಂದಣಿ. 2021ರ ಏಪ್ರಿಲ್‌ನಿಂದ ಈಚೆಗೆ ಆ ನೋಂದಣಿ ಒಮ್ಮೆ ಸಿಕ್ಕಿತೆಂದರೆ ಮುಗಿಯಿತು ಎನ್ನುವ ಹಾಗಿಲ್ಲ, ಅವಧಿ ಮುಗಿದಂತೆ ನವೀಕರಿಸಿಕೊಳ್ಳಬೇಕು, ಬಂದ ದೇಣಿಗೆಗಳ ವಿವರವನ್ನು ವರ್ಷ ವರ್ಷ ಇಲಾಖೆಗೆ ಕೊಡಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಲೆ ಮತ್ತು ಸಂಸ್ಕೃತಿ ಆ ಪಟ್ಟಿಯಲ್ಲಿದೆ. ಆ ಹಣವನ್ನು ಪಡೆಯಲು ಸಂಘ 2021ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲೂ ನೋಂದಾಯಿಸಿಕೊಂಡಿರಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ, ಬಳಕೆಯ ಪ್ರಮಾಣಪತ್ರ ಬೇರೆ. ಇವೆಲ್ಲವನ್ನೂ ಅಧ್ಯಕ್ಷರೇ ಕೂತು ತುಂಬಬೇಕಿಲ್ಲ. ಅದಕ್ಕೆ ಕಾರ್ಯದರ್ಶಿ, ಖಜಾಂಚಿ, ಲೆಕ್ಕಪರಿಶೋಧಕರು ಇದ್ದಾರೆ. ಆದರೆ ತುಂಬಿದ್ದಾರೆಯೇ ಎಂದು ಕೇಳುವವರು ಒಬ್ಬರು ಇರಲೇಬೇಕು. ಕೇಳುವವರಿಲ್ಲದ ಸಂಘದಲ್ಲಿ ಮೂರು ವರ್ಷದ ಲೆಕ್ಕ ಒಟ್ಟಿಗೆ ಬಾಕಿಯಾಗುತ್ತದೆ. ಅದು ಗೊತ್ತಾಗುವುದು ದೊಡ್ಡ ದೇಣಿಗೆಯೊಂದು ಕೈತಪ್ಪಿದ ದಿನ.

ಹಾಗೆಂದು ಕಾನೂನು ಪಾಲಿಸುವುದೇ ಅಧ್ಯಕ್ಷರ ಮುಖ್ಯ ಕೆಲಸ ಎಂದರೆ ತಪ್ಪಾದೀತು. ಅದಕ್ಕಿಂತ ಸೂಕ್ಷ್ಮವಾದದ್ದು ಅವರಿಗೂ ಕಲೆಯನ್ನು ನಡೆಸುವವರಿಗೂ ಇರಬೇಕಾದ ಸಂಬಂಧ. ಒಂದು ರಂಗತಂಡಕ್ಕೆ ನಿರ್ದೇಶಕರಿರುತ್ತಾರೆ, ಒಂದು ಸಂಗೀತ ಶಾಲೆಗೆ ಗುರುಗಳಿರುತ್ತಾರೆ. ಯಾವ ನಾಟಕ ಆಡಬೇಕು, ಯಾರಿಗೆ ಯಾವ ಪಾತ್ರ, ಯಾವ ರಾಗ ಯಾವ ವರ್ಷ ಕಲಿಸಬೇಕು ಎಂಬುದರಲ್ಲಿ ಅಧ್ಯಕ್ಷರು ಕೈಹಾಕಬಾರದು. ಆದರೆ ಈ ನಾಟಕಕ್ಕೆ ಎಷ್ಟು ಖರ್ಚಾದೀತು, ಆ ಹಣ ಬಾರದಿದ್ದರೆ ಏನು ಗತಿ, ಬೆಳಕಿನ ಕೆಲಸ ಮಾಡಿದ ಹುಡುಗರಿಗೆ ಸಂಭಾವನೆ ಸಂದಾಯವಾಯಿತೇ, ಮಕ್ಕಳ ಶಿಬಿರದಲ್ಲಿ ಮಕ್ಕಳ ಸುರಕ್ಷತೆಗೆ ಯಾರು ಜವಾಬ್ದಾರರು, ಗುರುಗಳಿಗೆ ಕಾಯಿಲೆಯಾದರೆ ತರಗತಿ ಹೇಗೆ ನಡೆಯುತ್ತದೆ ಎಂದು ಕೇಳದಿದ್ದರೆ ಅವರು ಅಧ್ಯಕ್ಷರೇ ಅಲ್ಲ. ಎಲ್ಲಿ ಕೈಬಿಡಬೇಕು, ಎಲ್ಲಿ ಹಿಡಿದು ಕೇಳಬೇಕು ಎಂಬ ಈ ವಿವೇಕ ಪಾಂಡಿತ್ಯದಿಂದ ಬರುವಂಥದ್ದಲ್ಲ, ಕೀರ್ತಿಯಿಂದಂತೂ ಅಲ್ಲ. ನಾಲ್ಕು ಜನರ ಜೊತೆ ಕೂತು ಕೆಲಸ ಮಾಡಿ ಅಭ್ಯಾಸವಿದ್ದವರಿಗೆ ಅದು ಇರುತ್ತದೆ. ಸಮಿತಿಯ ಸಭೆಯಲ್ಲಿ ಜೋರಾಗಿ ಮಾತಾಡುವ ಇಬ್ಬರನ್ನು ತಡೆದು, ಮೂಲೆಯಲ್ಲಿ ಸುಮ್ಮನಿರುವ ಕಿರಿಯ ನಟಿಯ ಅಭಿಪ್ರಾಯ ಕೇಳುವುದು, ತೀರ್ಮಾನವಾಗದ ವಿಷಯಕ್ಕೆ ತೀರ್ಮಾನದ ದಿನ ಗೊತ್ತುಮಾಡುವುದು, ಹೊರಗೆ ಹಬ್ಬಿದ ಗುಂಪುಗಾರಿಕೆಯನ್ನು ಸಭೆಯೊಳಗೆ ತಂದು ನೇರವಾಗಿ ಎದುರಿಸುವುದು, ಇವೇ ದಿನನಿತ್ಯದ ಅಧ್ಯಕ್ಷಗಿರಿ. ನಮ್ಮ ಎಷ್ಟೋ ತಂಡಗಳು ಒಡೆದದ್ದು ಕಲೆಯ ಭಿನ್ನಾಭಿಪ್ರಾಯದಿಂದಲ್ಲ, ಮನಸ್ತಾಪ ಬೆಳೆಯುವಾಗ ನಡುವೆ ಕೂತು ಕೇಳುವ ಒಬ್ಬರು ಇಲ್ಲದ್ದರಿಂದ.

ಇಂಥ ಕೆಲಸಕ್ಕೆ ನಾವು ಈಗ ಯಾರನ್ನು ಆರಿಸುತ್ತಿದ್ದೇವೆ? ಮೊದಲನೆಯದಾಗಿ ಹೆಸರುಳ್ಳವರನ್ನು. ಆಮಂತ್ರಣ ಪತ್ರಿಕೆಯಲ್ಲಿ, ಲೆಟರ್‌ಹೆಡ್ಡಿನಲ್ಲಿ ಅವರ ಹೆಸರಿದ್ದರೆ ಸಂಘಕ್ಕೆ ತೂಕ ಬರುತ್ತದೆ ಎಂಬ ನಂಬಿಕೆ. ಆದರೆ ಹೆಸರುಳ್ಳವರು ಈಗಾಗಲೇ ಹತ್ತು ಸಂಸ್ಥೆಗಳಲ್ಲಿ ಹೆಸರಾಗಿರುತ್ತಾರೆ. ವರ್ಷದ ಎರಡು ಸಮಾರಂಭಗಳಿಗೆ ಬರುತ್ತಾರೆ, ಕಾರ್ಯಕಾರಿ ಸಮಿತಿಯ ಸಭೆಗೆ ಬರುವುದಿಲ್ಲ, ಕಾರ್ಯದರ್ಶಿ ಕಾಗದಗಳನ್ನು ಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬರುತ್ತಾರೆ. ಅವರ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಅವರನ್ನು ಕರೆದದ್ದೇ ಅಷ್ಟಕ್ಕೆ. ಎರಡನೆಯ ಆಯ್ಕೆ ದೇಣಿಗೆ ಕೊಡಬಲ್ಲ ಉದ್ಯಮಿ ಅಥವಾ ಇಲಾಖೆಯಲ್ಲಿ ಕೆಲಸ ಮಾಡಿಸಬಲ್ಲ ರಾಜಕಾರಣಿ. ರಾಜಕೀಯದ ಆಸರೆ ಎಷ್ಟು ಅಲ್ಪಾಯುಷಿ ಎಂಬುದಕ್ಕೆ ಸರ್ಕಾರದ ಅಕಾಡೆಮಿಗಳನ್ನೇ ನೋಡಬಹುದು. ಸರ್ಕಾರ ಬದಲಾದಾಗ ನಾಮನಿರ್ದೇಶನಗಳು ರದ್ದಾಗಿ, ಹೊಸ ಅಧ್ಯಕ್ಷರು ಬರುವವರೆಗೆ ತಿಂಗಳುಗಟ್ಟಲೆ ಕೆಲಸ ನಿಂತದ್ದನ್ನು ಕಲಾವಿದರು ಕಂಡಿದ್ದಾರೆ. ಅಕಾಡೆಮಿಗೆ ಕೊನೆಗೂ ಸರ್ಕಾರವಿದೆ, ಬಜೆಟ್ಟಿದೆ. ಊರಿನ ಸಂಘಕ್ಕೆ ಅದೂ ಇಲ್ಲ.

ಮೂರನೆಯದು, ಎಲ್ಲಕ್ಕಿಂತ ಗೌರವದಿಂದ ಮಾತಾಡಬೇಕಾದದ್ದು, ಸ್ಥಾಪಕರೇ ಅಧ್ಯಕ್ಷರಾಗಿ ಉಳಿಯುವ ಪದ್ಧತಿ. ಕನ್ನಡದ ಕಲಾಸಂಸ್ಥೆಗಳಲ್ಲಿ ಒಳ್ಳೆಯವೆಂದು ನಾವು ಹೆಸರಿಸುವ ಬಹುಪಾಲು ಸಂಸ್ಥೆಗಳು ಒಬ್ಬರ ಹಟದಿಂದ ಹುಟ್ಟಿದವು. ಹಾಗಿರುವಾಗ ಸ್ಥಾಪಕರನ್ನು ದೂರವಿಡಿ ಎನ್ನುವುದು ಕೃತಘ್ನತೆಯಲ್ಲವೇ ಎಂದು ಕೇಳುವವರಿದ್ದಾರೆ. ಹೆಗ್ಗೋಡಿನ ನೀನಾಸಮ್‌ನ ಉದಾಹರಣೆ ಕೊಡುತ್ತಾರೆ, ಕೆರೆಮನೆಯ ಉದಾಹರಣೆ ಕೊಡುತ್ತಾರೆ. ಎರಡೂ ನಿಜವಾದ ಉದಾಹರಣೆಗಳೇ, ಆದರೆ ಅವು ಹೇಳುವುದು ಬೇರೆ. ನೀನಾಸಮ್ ಎಂದರೆ 1949ರಲ್ಲಿ ಶುರುವಾದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅದರಲ್ಲಿ ಕೆ.ವಿ. ಸುಬ್ಬಣ್ಣನವರು ಎಷ್ಟು ದೊಡ್ಡವರಾಗಿದ್ದರೋ ಅಷ್ಟೇ ದೊಡ್ಡದಾಗಿ ಅವರಿಂದ ಹೊರಗೆ ನಿಲ್ಲಬಲ್ಲ ವ್ಯವಸ್ಥೆಗಳು ಬೆಳೆದವು: 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಜನ, ತನ್ನದೇ ದಿನಚರಿ ಇತ್ತು. ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ರಂಗಶಿಕ್ಷಣ ಕೇಂದ್ರ ಮುಚ್ಚಲಿಲ್ಲ, ತಿರುಗಾಟ ನಿಲ್ಲಲಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಶಂಭು ಹೆಗಡೆಯವರ ಕೈಗೂ ಅಲ್ಲಿಂದ ಮುಂದಿನ ತಲೆಮಾರಿಗೂ ದಾಟಿದ್ದು ಆ ಮನೆಯಲ್ಲಿ ಹುಟ್ಟಿದವರು ದಶಕಗಳ ಕಾಲ ಗೆಜ್ಜೆ ಕಟ್ಟಿ ತಯಾರಾದದ್ದರಿಂದ. ಹೆಗ್ಗೋಡಿನಲ್ಲೂ ಕುಟುಂಬದ ಪಾಲು ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಡಾವಣೆಯ ನಲವತ್ತು ಸದಸ್ಯರ ಸಂಗೀತ ಸಭೆಗೆ, ತಾಲ್ಲೂಕು ಕೇಂದ್ರದ ಹವ್ಯಾಸಿ ತಂಡಕ್ಕೆ ಇಂಥ ಮನೆತನವೂ ಇರುವುದಿಲ್ಲ, ಇಂಥ ದೀರ್ಘ ತಯಾರಿಯೂ ಇರುವುದಿಲ್ಲ. ಅಲ್ಲಿ ಸ್ಥಾಪಕರು ಕೊನೆಯವರೆಗೆ ಅಧ್ಯಕ್ಷರಾಗಿ ಉಳಿದರೆ ಬ್ಯಾಂಕ್ ಖಾತೆಯ ಸಹಿ, ಬಾಡಿಗೆ ಕರಾರು, ದಾನಿಗಳ ಪರಿಚಯ, ಹಳೆಯ ಕಡತ ಎಲ್ಲ ಒಬ್ಬರ ಮನೆಯ ಕಪಾಟಿನಲ್ಲಿ ಸೇರಿಕೊಳ್ಳುತ್ತವೆ. ಅವರು ಹೋದ ಮೇಲೆ ಸಂಘವೂ ಹೋಗುತ್ತದೆ. ಸ್ಥಾಪಕರಿಗೆ ಸಲ್ಲಬೇಕಾದ ಗೌರವಕ್ಕೆ ಗೌರವಾಧ್ಯಕ್ಷ ಸ್ಥಾನವಿದೆ, ಕಲಾ ನಿರ್ದೇಶಕರ ಸ್ಥಾನವಿದೆ. ತಾವು ಕಟ್ಟಿದ್ದು ತಮ್ಮ ನಂತರವೂ ಬದುಕಬೇಕೆಂದು ಬಯಸುವ ಸ್ಥಾಪಕರು ಅಧ್ಯಕ್ಷ ಕುರ್ಚಿಯನ್ನು ತಾವಿರುವಾಗಲೇ ಬೇರೆಯವರಿಗೆ ಬಿಟ್ಟು, ಅವರು ತಡವರಿಸುವಾಗ ಪಕ್ಕದಲ್ಲಿ ನಿಂತಿರುವುದೇ ಹೆಚ್ಚಿನ ಸೇವೆ.

ದೊಡ್ಡ ಹೆಸರು, ಪ್ರಭಾವಶಾಲಿ ಸ್ಥಾಪಕರು, ದೀರ್ಘ ಅಧ್ಯಕ್ಷತೆ ಮೂರೂ ಒಟ್ಟಿಗೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಲಂಡನ್ನಿನ ಕಿಡ್ಸ್ ಕಂಪನಿಯ ಕಥೆ ಇದೆ. ಅದು ಕಲಾಸಂಸ್ಥೆಯಲ್ಲ, ಸಂಕಷ್ಟದಲ್ಲಿದ್ದ ಮಕ್ಕಳಿಗಾಗಿ 1996ರಲ್ಲಿ ಹುಟ್ಟಿದ ಚಾರಿಟಿ. ಸ್ಥಾಪಕಿ ಅಸಾಧಾರಣ ಮಾತುಗಾರ್ತಿ, ಪ್ರಧಾನಿಗಳವರೆಗೆ ಪರಿಚಯವಿದ್ದವರು. 2003ರಿಂದ ಮುಚ್ಚುವವರೆಗೂ ಅಧ್ಯಕ್ಷರಾಗಿದ್ದವರು ಬಿಬಿಸಿಯ ಹೆಸರಾಂತ ಅಧಿಕಾರಿ ಅಲನ್ ಯೆಂಟಾಬ್. ಸರ್ಕಾರದಿಂದ 30 ಲಕ್ಷ ಪೌಂಡ್ ಅನುದಾನ ಬಂದ ಕೆಲವೇ ದಿನಗಳಲ್ಲಿ, 2015ರ ಆಗಸ್ಟ್‌ನಲ್ಲಿ, ಸಂಸ್ಥೆ ಬಾಗಿಲು ಹಾಕಿತು. ಆಪತ್ತಿಗೆ ಮೀಸಲು ನಿಧಿ ಇಟ್ಟುಕೊಳ್ಳಿ ಎಂಬ ಎಚ್ಚರಿಕೆ ವರ್ಷಗಳಿಂದ ಬರುತ್ತಿದ್ದರೂ ಆಡಳಿತ ಮಂಡಳಿ ಅದನ್ನು ಕಟ್ಟಲಿಲ್ಲ ಎಂದು 2016ರಲ್ಲಿ ಸಂಸತ್ತಿನ ಸಮಿತಿ ಟೀಕಿಸಿತು. ಆ ಸಂಸ್ಥೆ ಮಾಡುತ್ತಿದ್ದ ಕೆಲಸದ ಅನುಭವವಿದ್ದವರು ಮಂಡಳಿಯಲ್ಲಿ ಇರಲಿಲ್ಲ ಎಂಬುದನ್ನೂ ಎತ್ತಿ ತೋರಿಸಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಮಂಡಳಿಯವರನ್ನು ಅನರ್ಹಗೊಳಿಸಬೇಕೆಂಬ ಬೇಡಿಕೆಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು, ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಉಳಿಯಲಿಲ್ಲ. ಆದರೂ 2022ರಲ್ಲಿ ಚಾರಿಟಿ ಕಮಿಷನ್ ಆಡಳಿತದಲ್ಲಿ ಲೋಪವಿತ್ತೆಂದೇ ತೀರ್ಮಾನಿಸಿತು. ನನಗೆ ಇದರಲ್ಲಿ ಕಾಣುವ ಪಾಠ ಹೀಗಿದೆ. ಒಳ್ಳೆಯ ಮನಸ್ಸು, ದೊಡ್ಡ ಹೆಸರು, ಹನ್ನೆರಡು ವರ್ಷದ ನಿಷ್ಠೆ ಇದ್ದೂ ‘ಮುಂದಿನ ಮೂರು ತಿಂಗಳಿಗೆ ಹಣ ಎಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೂ ಬಿಡದೆ ಕೇಳುವವರು ಇಲ್ಲದಿದ್ದರೆ ಸಂಸ್ಥೆ ಉಳಿಯುವುದಿಲ್ಲ. ಅಂಥವರನ್ನು ಹೆಸರು ನೋಡಿ ಆರಿಸಲು ಬರುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಮೊದಲು ಸಮಿತಿ ಕೂತು ಮುಂದಿನ ಮೂರು ವರ್ಷಗಳಲ್ಲಿ ಸಂಘಕ್ಕೆ ಬರುವ ಕಷ್ಟ ಯಾವುದೆಂದು ಒಪ್ಪಿಕೊಳ್ಳಬೇಕು. ಬಾಡಿಗೆ ಜಾಗ ಕೈಬಿಡುತ್ತಿದ್ದರೆ ನಗರಸಭೆ, ಪ್ರಾಧಿಕಾರಗಳ ವ್ಯವಹಾರ ತಿಳಿದವರು ಬೇಕು. ಲೆಕ್ಕ ಹಿಂದೆ ಬಿದ್ದಿದ್ದರೆ ಲೆಕ್ಕ ಬಲ್ಲವರು ಬೇಕು. ಹಿರಿಯರಿಗೂ ಹೊಸಬರಿಗೂ ಮಾತು ನಿಂತಿದ್ದರೆ ಇಬ್ಬರೂ ನಂಬುವವರು ಬೇಕು. ಈ ಒಪ್ಪಿಗೆಯಿಲ್ಲದೆ ಹೆಸರುಗಳ ಚರ್ಚೆಗೆ ಇಳಿದರೆ ಚರ್ಚೆ ವ್ಯಕ್ತಿಗಳ ಸುತ್ತಲೇ ತಿರುಗುತ್ತದೆ. ಆಮೇಲೆ ಒಂದು ಪುಟ ಬರೆಯಬೇಕು: ವರ್ಷಕ್ಕೆ ಎಷ್ಟು ಸಭೆ, ತಿಂಗಳಿಗೆ ಅಂದಾಜು ಎಷ್ಟು ಗಂಟೆ, ಯಾವುದಕ್ಕೆ ಸಹಿ, ಯಾವುದರಲ್ಲಿ ಕೈಹಾಕುವಂತಿಲ್ಲ, ಸಂಬಳವಿಲ್ಲ ಆದರೆ ಪ್ರಯಾಣದ ಖರ್ಚು ಸಿಗುತ್ತದೆಯೇ, ಅವಧಿ ಎಷ್ಟು, ಮರು ಆಯ್ಕೆ ಎಷ್ಟು ಬಾರಿ. ಸಂಘದ ಈಗಿನ ಸಾಲ, ಬಾಕಿ, ವ್ಯಾಜ್ಯಗಳನ್ನು ಮುಚ್ಚಿಡದೆ ಆ ಪುಟದಲ್ಲೇ ಹೇಳಬೇಕು. ‘ಸುಮ್ಮನೆ ಹೆಸರಿಗೆ ಇರಿ ಸಾರ್, ಕೆಲಸವೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದು ಕರೆದರೆ ಕೆಲಸ ಮಾಡುವ ಮನಸ್ಸಿದ್ದವರು ಬರುವುದಿಲ್ಲ, ಹೆಸರಿಗೆ ಇರುವವರೇ ಬರುತ್ತಾರೆ.

ಆ ಪುಟವನ್ನು ಪ್ರಚುರಪಡಿಸಬೇಕು. ಪ್ರದರ್ಶನದ ದಿನ ಸಭಾಂಗಣದ ಬಾಗಿಲಲ್ಲಿ, ಗ್ರಂಥಾಲಯದ ಫಲಕದಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಅದು ಕಾಣಬೇಕು. ಜೊತೆಗೆ ಇಬ್ಬರು ಮೂವರ ಆಯ್ಕೆ ಸಮಿತಿ ಮನೆಮನೆಗೆ ಹೋಗಿ ಕೇಳಬೇಕು. ಯಾರನ್ನು? ವರ್ಷಗಳಿಂದ ಟಿಕೆಟ್ ಕೊಂಡು ಮೂರನೇ ಸಾಲಿನಲ್ಲಿ ಕೂರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಸಾವಿರ ಮಕ್ಕಳ ಶಾಲೆ ನಡೆಸಿದ ಮುಖ್ಯೋಪಾಧ್ಯಾಯಿನಿ, ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ, ಸ್ತ್ರೀಶಕ್ತಿ ಗುಂಪುಗಳ ಒಕ್ಕೂಟವನ್ನು ಜಗಳವಿಲ್ಲದೆ ನಡೆಸಿದವರು. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಸಭೆ ಕರೆದು, ಲೆಕ್ಕ ಓದಿ, ವಿರೋಧವನ್ನು ಕೇಳಿಸಿಕೊಂಡು, ತೀರ್ಮಾನ ದಾಖಲಿಸುವ ಅಭ್ಯಾಸವಿರುವ ಜನ ದಂಡಿಯಾಗಿದ್ದಾರೆ. ಸಹಕಾರ ಚಳವಳಿ ನಮಗೆ ಕೊಟ್ಟ ದೊಡ್ಡ ಆಸ್ತಿ ಅದು. ಕಲಾಸಂಘಗಳು ಆ ಕಡೆ ತಿರುಗಿ ನೋಡುವುದು ಅಪರೂಪ, ಯಾಕೆಂದರೆ ಅವರು ಕಲಾವಿದರಲ್ಲ. ಕಲೆಯ ಮೇಲೆ ಪ್ರೀತಿ ಬೇಕು, ಅದರಲ್ಲಿ ರಾಜಿಯಿಲ್ಲ. ಕಲಾವಿದರೇ ಆಗಿರಬೇಕೆಂಬ ನಿಯಮ ಮಾತ್ರ ಬೇಡ. ಒಳ್ಳೆಯ ನಟರು ಅಧ್ಯಕ್ಷರಾದ ಮೇಲೆ ನಟನೆಗೂ ಸಮಯವಿಲ್ಲದೆ, ಕಡತವೂ ಮುಗಿಯದೆ ಬಸವಳಿದದ್ದು ನಮ್ಮ ರಂಗಭೂಮಿಗೆ ಆದ ನಷ್ಟ.

ಪರಿಚಯದ ವಲಯದೊಳಗೇ ಹುಡುಕುವುದು ನಮ್ಮ ಊರಿನ ರೂಢಿ ಮಾತ್ರ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಬಹುಪಾಲು ಧರ್ಮದರ್ಶಿಗಳು ಅನೌಪಚಾರಿಕವಾಗಿ, ಗುರುತಿನವರ ಮೂಲಕವೇ ಮಂಡಳಿ ಸೇರಿದವರು. ಗಂಡಸರ ಸಂಖ್ಯೆ ಹೆಂಗಸರ ಎರಡರಷ್ಟಿತ್ತು, ಹೆಚ್ಚಿನವರು ವಯಸ್ಸಾದವರು. ಜಾಹೀರಾತು ಕೊಟ್ಟು ಆರಿಸುವ ಪದ್ಧತಿಯ ಬಗ್ಗೆ ಅಷ್ಟೆಲ್ಲ ಉಪದೇಶವಿರುವ ದೇಶದಲ್ಲೇ ಹೀಗಿದ್ದರೆ, ಆ ಮಾತೇ ಇಲ್ಲದ ನಮ್ಮಲ್ಲಿ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಸಂಘಗಳಲ್ಲಿ ಹಾಡುವವರು, ಕುಣಿಯುವವರು, ಕಲಿಯುವವರು, ಮಕ್ಕಳನ್ನು ಕರೆತರುವವರು ಹೆಚ್ಚಾಗಿ ಹೆಂಗಸರು. ಅಧ್ಯಕ್ಷರ ಪಟ್ಟಿ ಮಾತ್ರ ಗೋಡೆಯ ಮೇಲೆ ಗಂಡಸರದು. ಇದಕ್ಕೆ ಯಾರೂ ಬರೆದಿಟ್ಟ ನಿಯಮ ಕಾರಣವಲ್ಲ. ಸಮಿತಿಯ ಸಭೆ ರಾತ್ರಿ ಎಂಟೂವರೆಗೆ, ಹೋಟೆಲಿನಲ್ಲೋ ಯಾರದೋ ಅಂಗಡಿಯ ಮಹಡಿಯಲ್ಲೋ ನಡೆದರೆ ಯಾರು ಬರಬಲ್ಲರು, ಯಾರು ಬರಲಾರರು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಸಭೆಯನ್ನು ಭಾನುವಾರ ಬೆಳಗ್ಗೆಗೆ ಬದಲಿಸುವುದು ಖರ್ಚಿಲ್ಲದ ಸುಧಾರಣೆ. ಅದರಿಂದ ಅಧ್ಯಕ್ಷರನ್ನು ಹುಡುಕುವ ವಲಯವೇ ದೊಡ್ಡದಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿಯಾದದ್ದು ಹಣದ್ದು: ಹೆಸರಿಲ್ಲದ, ಹಣವಿಲ್ಲದ ಅಧ್ಯಕ್ಷರನ್ನು ಕೂರಿಸಿಕೊಂಡರೆ ಉತ್ಸವಕ್ಕೆ ದುಡ್ಡು ತರುವವರು ಯಾರು? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಣ್ಣ ಊರಿನಲ್ಲಿ ಒಬ್ಬ ವರ್ತಕರ ಚೀಟಿಯಿಂದಲೇ ನಾಟಕೋತ್ಸವ ನಡೆದದ್ದುಂಟು. ಆದರೆ ದಾನಿಯನ್ನು ಅಧ್ಯಕ್ಷರನ್ನಾಗಿ ಮಾಡಿದ ಕೂಡಲೇ ದಾನಕ್ಕೆ ಲೆಕ್ಕ ಕೇಳುವವರೂ ಕೊಡುವವರೂ ಒಬ್ಬರೇ ಆಗುತ್ತಾರೆ. ಅವರು ಮುನಿಸಿಕೊಂಡರೆ ಹಣವೂ ಹೋಗುತ್ತದೆ, ಅಧ್ಯಕ್ಷರೂ ಹೋಗುತ್ತಾರೆ. ದಾನಿಗಳಿಗೆ ಪೋಷಕರೆಂಬ ಸ್ಥಾನವಿರಲಿ, ಮೊದಲ ಸಾಲಿನ ಕುರ್ಚಿ ಇರಲಿ, ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಹೆಸರಿರಲಿ. ಅಷ್ಟಲ್ಲದೆ, ಕಂಪನಿಗಳ ಸಾಮಾಜಿಕ ನಿಧಿಯೂ ಇಲಾಖೆಯ ಅನುದಾನವೂ ಈಗ ಮುಖ ನೋಡಿ ಬರುವುದಕ್ಕಿಂತ ಕಡತ ನೋಡಿ ಬರುವುದು ಹೆಚ್ಚುತ್ತಿದೆ. ಆಡಿಟ್ ಆದ ಲೆಕ್ಕ, ನವೀಕರಿಸಿದ ನೋಂದಣಿ, ಹಿಂದಿನ ಅನುದಾನದ ಬಳಕೆಯ ವಿವರ ಇಲ್ಲದ ಅರ್ಜಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆ. ಲೆಕ್ಕ ಸರಿಯಿಟ್ಟುಕೊಳ್ಳುವ ಅಧ್ಯಕ್ಷರು ಹಾಗಾಗಿ ಹಣ ತರುವ ಅಧ್ಯಕ್ಷರೂ ಹೌದು. ಹೆಸರು ಬೇಡವೆಂದಲ್ಲ, ಶಂಕರ್ ನಾಗ್ ಅವರ ಹೆಸರಿಗಿಂತ ದೊಡ್ಡ ಹೆಸರು ಕನ್ನಡ ರಂಗಪ್ರೇಮಿಗಳಿಗೆ ಇರಲಿಲ್ಲ. ಅವರು ತೀರಿಕೊಂಡದ್ದು 1990ರಲ್ಲಿ, ಅವರ ನೆನಪಿನ ರಂಗಶಂಕರ ಬಾಗಿಲು ತೆರೆದದ್ದು 2004ರಲ್ಲಿ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಜಾಗ ಪಡೆಯುವುದರಿಂದ ಹಿಡಿದು ಕಟ್ಟಡ ಎಬ್ಬಿಸುವವರೆಗೆ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್ ಪಟ್ಟ ಶ್ರಮವೇ ಆ ಹೆಸರನ್ನು ರಂಗಮಂದಿರವಾಗಿಸಿತು.

ಎರಡನೆಯ ಆಕ್ಷೇಪ, ಇದೆಲ್ಲ ಕಾರ್ಪೊರೇಟ್ ಪದ್ಧತಿ, ನಮ್ಮ ಸಂಘಗಳು ವಿಶ್ವಾಸದ ಮೇಲೆ ನಡೆಯುತ್ತವೆ ಎಂಬುದು. ವಿಶ್ವಾಸ ನಿಜ, ಅದಿಲ್ಲದೆ ಹವ್ಯಾಸಿ ತಂಡ ಒಂದು ತಾಲೀಮನ್ನೂ ಮಾಡಲಾರದು. ಆದರೆ ಬರೆದಿಟ್ಟ ನಿಯಮ ಅವಿಶ್ವಾಸದ ಗುರುತಲ್ಲ. ಹಾಡಿನ ತಾಳ ಗೊತ್ತಿದ್ದರೇ ಹಾಡುಗಾರ್ತಿಗೂ ಪಕ್ಕವಾದ್ಯದವರಿಗೂ ಒಬ್ಬರ ಮೇಲೊಬ್ಬರಿಗೆ ಧೈರ್ಯ. ಬೈಲಾ ಮಾಡುವುದೂ ಅದನ್ನೇ. ಕಾಗದದಲ್ಲಿ ಇಲ್ಲದ ಹೊಣೆ ಕೊನೆಗೆ ಕಾರ್ಯದರ್ಶಿಯ ಹೆಗಲಿಗೇ ಬೀಳುತ್ತದೆ. ಕನ್ನಡದ ಸಂಘಗಳು ಇಷ್ಟು ಕಾಲ ಬದುಕಿದ್ದು ಇಂಥ ಕಾರ್ಯದರ್ಶಿಗಳ ನಿದ್ದೆಗೆಟ್ಟ ದುಡಿಮೆಯಿಂದ. ಅವರ ಬೆನ್ನಿಗೆ ಒಬ್ಬ ಕೆಲಸದ ಅಧ್ಯಕ್ಷರನ್ನು ಕೊಡುವುದು ವಿಶ್ವಾಸದ ಮಾತೇ.

ಮೂರನೆಯದು ಚುನಾವಣೆಯ ಪ್ರಶ್ನೆ. ಅಧ್ಯಕ್ಷರನ್ನು ಆಯ್ಕೆ ಸಮಿತಿ ಹುಡುಕಿಕೊಟ್ಟರೆ ಸದಸ್ಯರ ಹಕ್ಕು ಎಲ್ಲಿ ಉಳಿಯಿತು? ಉಳಿಯಬೇಕು, ಉಳಿಯುತ್ತದೆ. ಹುಡುಕುವುದು ಸಮಿತಿ, ಒಪ್ಪುವುದು ಅಥವಾ ತಿರಸ್ಕರಿಸುವುದು ಮಹಾಸಭೆ. ಯಾವ ಸದಸ್ಯರಿಗೂ ಬೇರೆ ಹೆಸರು ಸೂಚಿಸುವ ಸ್ವಾತಂತ್ರ್ಯ ಇರಲೇಬೇಕು. ಬರಿಯ ಮತದಾನವೇ ಸಾಕೆನ್ನುವವರು 1915ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆಗಳನ್ನು ಗಮನಿಸಬಹುದು. ರಾಜ್ಯದುದ್ದಕ್ಕೂ ಹರಡಿದ ಲಕ್ಷಗಟ್ಟಲೆ ಸದಸ್ಯರು ನೇರವಾಗಿ ಅಧ್ಯಕ್ಷರನ್ನು ಆರಿಸುತ್ತಾರೆ, ಅದು ಹೆಮ್ಮೆಯ ಸಂಗತಿ. ಆದರೆ ಅಭ್ಯರ್ಥಿಗಳು ಜಿಲ್ಲೆ ಜಿಲ್ಲೆ ಸುತ್ತಿ ಬೆಂಬಲ ಕೂಡಿಸುವ ಆ ಪ್ರಚಾರವನ್ನು ತಾಳಿಕೊಳ್ಳಬಲ್ಲವರು ಎಲ್ಲರೂ ಅಲ್ಲ, ತಾಳಿಕೊಂಡವರೆಲ್ಲ ಆಡಳಿತ ಬಲ್ಲವರೂ ಅಲ್ಲ. ಅರವತ್ತು ಸದಸ್ಯರ ಸಂಘ ಆ ಮಾದರಿಯನ್ನು ಹಿಡಿದರೆ ಮೂವತ್ತರ ಎರಡು ಪಾಳಯಗಳಾಗುತ್ತದೆ. ಮೊದಲು ಹುಡುಕಾಟ, ಆಮೇಲೆ ಮತ ಎಂಬ ಕ್ರಮ ಅದನ್ನು ತಪ್ಪಿಸುತ್ತದೆ.

ಕೇಳಿದರೂ ಯಾರೂ ಒಪ್ಪುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಅವಧಿಯ ಮಿತಿಯಲ್ಲಿದೆ. ಜೀವಮಾನದ ಹೊರೆಯೆಂದು ಕಂಡರೆ ಯಾರೂ ಒಪ್ಪುವುದಿಲ್ಲ. ಮೂರು ವರ್ಷ, ಬೇಕಾದರೆ ಇನ್ನೊಮ್ಮೆ ಮೂರು ವರ್ಷ, ಅಲ್ಲಿಗೆ ಮುಗಿಯಿತು ಎಂದರೆ ಒಪ್ಪುವವರಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2017ರ ಚಾರಿಟಿ ಆಡಳಿತ ಸಂಹಿತೆ ಒಂಬತ್ತು ವರ್ಷ ಮೀರಿದವರ ಮುಂದುವರಿಕೆಯನ್ನು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದಿತು. ನಮ್ಮ ಸಣ್ಣ ಸಂಘಗಳಿಗೆ ಆರು ವರ್ಷವೇ ಧಾರಾಳ. ಹೊಸಬರನ್ನು ಒಂದು ವರ್ಷ ಉಪಾಧ್ಯಕ್ಷರಾಗಿ ಇಟ್ಟುಕೊಂಡು ಎಲ್ಲ ಸಭೆಗೆ ಕೂರಿಸಿ, ಆಡಿಟರ್ ಜೊತೆ ಒಮ್ಮೆ ಲೆಕ್ಕ ನೋಡಿಸಿ, ದಾನಿಗಳಿಗೆ ಪರಿಚಯಿಸಿ, ಆಮೇಲೆ ಅಧ್ಯಕ್ಷರನ್ನಾಗಿ ಮಾಡಿದರೆ ಅವರ ಭಯವೂ ಕಡಿಮೆಯಾಗುತ್ತದೆ, ಸಂಘದ ಅನುಮಾನವೂ. ಅವಧಿ ಮುಗಿಸಿದವರು ಸಮಿತಿಯಿಂದಲೂ ಒಂದು ವರ್ಷ ಹೊರಗಿರಬೇಕು. ಹಿಂದಿನ ಅಧ್ಯಕ್ಷರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರೆ ಹೊಸಬರು ಅಧ್ಯಕ್ಷರಾಗುವುದೇ ಇಲ್ಲ. ಇಷ್ಟೆಲ್ಲ ಮಾಡಿಯೂ ಯೋಗ್ಯರು ಸಿಗದ ವರ್ಷ ಬರಬಹುದು. ಆಗ ಸಮಿತಿಯ ಒಬ್ಬರು ಹಂಗಾಮಿಯಾಗಿ ಒಂದು ವರ್ಷ ನಡೆಸಲಿ, ಹುಡುಕಾಟ ಮುಂದುವರಿಯಲಿ. ಖಾಲಿ ಕುರ್ಚಿಯನ್ನು ತುಂಬಲೆಂದೇ ಯಾರನ್ನೋ ತಂದು ಕೂರಿಸುವುದಕ್ಕಿಂತ ಅದು ಮೇಲು.

ಮಾರ್ಚ್ ಮುಗಿದು ಲೆಕ್ಕ ಬರೆದಾದ ಮೇಲೆ ಸಂಘಗಳು ಮಹಾಸಭೆಗೆ ತಯಾರಾಗುತ್ತವೆ. ನೀವು ಇಂಥ ಒಂದು ಸಂಘದ ಸದಸ್ಯರಾಗಿದ್ದರೆ, ಸಭೆಯ ನೋಟಿಸ್ ಕೈಗೆ ಬಂದ ದಿನವೇ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ. ಅಧ್ಯಕ್ಷರ ಕೆಲಸವೇನೆಂದು ಒಂದು ಪುಟದಲ್ಲಿ ಬರೆದು ಎಲ್ಲ ಸದಸ್ಯರಿಗೂ ಕಳಿಸಲು ಕೇಳಿ. ಹೆಸರು ಸೂಚಿಸಲು ಕನಿಷ್ಠ ಒಂದು ತಿಂಗಳ ಸಮಯ ಕೇಳಿ. ಆ ತಿಂಗಳಲ್ಲಿ, ಇದುವರೆಗೆ ಯಾರೂ ಕೇಳದ ಒಬ್ಬರ ಮನೆಗೆ ನೀವೇ ಹೋಗಿ ಕೇಳಿ.